ಫಿನ್‌ಟೆಕ್ ಮೇಳದಲ್ಲಿ ಸ್ಟಾಲ್ ಹಾಕುವ ಮುಂಚೆ

ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್. ಗ್ಲೋಬಲ್ ಫಿನ್‌ಟೆಕ್ ಫೆಸ್ಟ್‌ನ ಎರಡನೇ ದಿನ, ಊಟ ಮುಗಿದ ಹೊತ್ತು. ಜನ ಸ್ಟಾಲ್‌ಗಳ ನಡುವೆ ನಿಧಾನವಾಗಿ ಓಡಾಡುತ್ತಿದ್ದರು. ನಮ್ಮ ಸ್ಟ್ಯಾಂಡಿಯ ಕೆಳಗೆ ಕನ್ನಡದಲ್ಲೂ ಒಂದು ಸಾಲು ಹಾಕಿಸಿದ್ದೆವು. ಅದನ್ನು ಓದುತ್ತಾ ಒಬ್ಬರು ನಿಂತರು. ಬಾಗಲಕೋಟೆ ಕಡೆಯ ಪಟ್ಟಣ ಸಹಕಾರಿ ಬ್ಯಾಂಕೊಂದರ ಮ್ಯಾನೇಜರ್. ನಾನು ಡೆಮೊ ತೋರಿಸೋಣ ಅಂತ ಲ್ಯಾಪ್‌ಟಾಪ್ ತಿರುಗಿಸಿದೆ. ಅವರು ಬೇಡ ಅನ್ನುವಂತೆ ಕೈ ಎತ್ತಿದರು.

“ಅದು ಆಮ್ಯಾಲೆ ತೋರಸ್ರಿ. ಗಿರಾಕಿ ಖಾತೆದಾಗಿಂದ ರೊಕ್ಕ ಹೋತು, ಅಂಗಡ್ಯಾವಗ ಮುಟ್ಟಲಿಲ್ಲ. ಮುಂಜಾನೆ ಬ್ಯಾಂಕ್ ಬಾಗ್ಲಾ ತಗದ ಕೂಡ್ಲೆ ಅವ ನನ್ನ ಟೇಬಲ್ ಮುಂದ ಬಂದು ನಿಂದರ್ತಾನ. ಅವಂಗ ನಾ ಏನ್ ಹೇಳ್ಬೇಕ್ರಿ?”

ಮೂರು ದಿನದಲ್ಲಿ ನಮ್ಮ ಸ್ಟಾಲ್‌ಗೆ ಬಂದ ಎಲ್ಲ ಪ್ರಶ್ನೆಗಳಲ್ಲಿ ಇದೇ ದೊಡ್ಡದು. ನಮ್ಮದು ಆರು ಜನರ ಪುಟ್ಟ ಕಂಪನಿ. ಯುಪಿಐ ವಹಿವಾಟಿನ ಲೆಕ್ಕವನ್ನು ಬ್ಯಾಂಕಿನ ಪುಸ್ತಕದ ಜೊತೆ ತಾಳೆ ಹಾಕುವ ಸಾಫ್ಟ್‌ವೇರ್ ಮಾಡುತ್ತೇವೆ. ಈ ಕ್ಷೇತ್ರದವರು ಇದನ್ನು ಚಿಕ್ಕದಾಗಿ ‘ರೀಕಾನ್’ ಅನ್ನುತ್ತಾರೆ. ಇಂಥ ಮೇಳಕ್ಕೆ ಹೋಗಬೇಕಾ, ಹೋದರೆ ಏನು ಮಾಡಬೇಕು ಅಂತ ಗೆಳೆಯರು ಆಗಾಗ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಅರ್ಥವಾಗಬೇಕು. ಹಣದ ತಂತ್ರಜ್ಞಾನಕ್ಕೆ ಇಷ್ಟು ದೊಡ್ಡ ಮೇಳ ಯಾಕೆ ಬೇಕು? ಫೋನ್ ಇದೆ, ವಿಡಿಯೋ ಕಾಲ್ ಇದೆ. ಆದರೂ ಸಾವಿರಾರು ಜನ ರೈಲು, ವಿಮಾನ ಹತ್ತಿ ಯಾಕೆ ಬರುತ್ತಾರೆ?

ಕಾರಣ ಇಷ್ಟೇ. ಈ ಕ್ಷೇತ್ರದಲ್ಲಿ ಯಾರೂ ಒಬ್ಬರೇ ಏನೂ ಮಾಡಲಾಗುವುದಿಲ್ಲ. ಸೀರೆ ಅಂಗಡಿ ಇಡುವವರು ಬಾಡಿಗೆ ಮಾತಾಡಿ, ಲೈಸೆನ್ಸ್ ಮಾಡಿಸಿ, ಸರಕು ತಂದು ಬಾಗಿಲು ತೆಗೆಯಬಹುದು. ಹಣ ಮುಟ್ಟುವ ಆ್ಯಪ್ ಹಾಗಲ್ಲ. ಜನರ ಠೇವಣಿ ಇಟ್ಟುಕೊಳ್ಳುವ ಅಧಿಕಾರ ಬ್ಯಾಂಕಿಗೆ. ಬ್ಯಾಂಕಿಗೆ ನಿಯಮ ಹಾಕುವುದು ರಿಸರ್ವ್ ಬ್ಯಾಂಕ್. ಯುಪಿಐ ಎಂಬ ಹಳಿಯನ್ನು ನಡೆಸುವುದು ಎನ್‌ಪಿಸಿಐ, ಅಂದರೆ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್. ನೀವು ಎಷ್ಟೇ ಚಂದದ ಆ್ಯಪ್ ಮಾಡಿ, ಒಂದು ಬ್ಯಾಂಕ್ ಕೈ ಹಿಡಿಯದೆ ಅದರಲ್ಲಿ ಒಂದು ರೂಪಾಯಿಯೂ ಆಚೀಚೆ ಹೋಗುವುದಿಲ್ಲ.

ಇದು ಎಷ್ಟು ನಿಜ ಅಂತ ದೇಶಕ್ಕೆಲ್ಲ ಗೊತ್ತಾದದ್ದು 2020ರ ಮಾರ್ಚ್‌ನಲ್ಲಿ. ಮಾರ್ಚ್ 5ರ ಸಂಜೆ ಯೆಸ್ ಬ್ಯಾಂಕ್ ಮೇಲೆ ನಿರ್ಬಂಧ ಬಂತು. ಬೆಂಗಳೂರಿನ ಫೋನ್‌ಪೇ ಆಗ ಯುಪಿಐಗೆ ಆ ಬ್ಯಾಂಕನ್ನೇ ನೆಚ್ಚಿಕೊಂಡಿತ್ತು. ಆ್ಯಪ್‌ನಲ್ಲಿ ಯಾವ ದೋಷವೂ ಇರಲಿಲ್ಲ, ಸರ್ವರ್‌ಗಳೂ ಸರಿಯಾಗಿದ್ದವು. ಆದರೂ ಸುಮಾರು ಒಂದು ದಿನ ಕೋಟ್ಯಂತರ ಜನರ ಫೋನ್‌ನಲ್ಲಿ ಪಾವತಿ ನಿಂತುಹೋಯಿತು. ಬೇರೆ ಬ್ಯಾಂಕಿನ ಜೊತೆ ಜೋಡಿಸಿದ ಮೇಲೆಯೇ ಅದು ಮತ್ತೆ ಎದ್ದದ್ದು. ಅಷ್ಟು ದೊಡ್ಡ ಕಂಪನಿಯ ಪಾಡೇ ಹೀಗಾದರೆ ಆರು ಜನರ ಕಂಪನಿಯದು ಏನು ಅಂತ ಯೋಚಿಸಿ.

ಹಾಗಾಗಿ ಬ್ಯಾಂಕಿನವರು, ನಿಯಮ ಹಾಕುವವರು, ಹಳಿ ನಡೆಸುವವರು, ನಮ್ಮಂಥ ತಂತ್ರಜ್ಞಾನದವರು ಒಂದೇ ಸೂರಿನಡಿ ಸೇರುವ ಜಾಗ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಕೂತು ಒಂದು ಬ್ಯಾಂಕಿನ ಸರಿಯಾದ ಅಧಿಕಾರಿಯನ್ನು ಹುಡುಕಲು ನಮಗೆ ತಿಂಗಳುಗಟ್ಟಲೆ ಹಿಡಿದಿದೆ. ಮೇಳದಲ್ಲಿ ಅವರೇ ಟೀ ಕೌಂಟರ್ ಹತ್ತಿರ ನಿಂತಿರುತ್ತಾರೆ. ನಾವು ದುಡ್ಡು ಕೊಡುವುದು ಅದಕ್ಕೆ, ಸ್ಟಾಲ್‌ಗಲ್ಲ.

ಪ್ರಪಂಚದಲ್ಲಿ ಇಂಥ ಮೇಳಗಳು ಬೇಕಾದಷ್ಟಿವೆ, ಒಂದೊಂದರ ಸ್ವಭಾವ ಒಂದೊಂದು. ದೇಶ-ದೇಶಗಳ ಬ್ಯಾಂಕುಗಳ ನಡುವೆ ಪಾವತಿ ಸಂದೇಶ ಸಾಗಿಸುವ ಸ್ವಿಫ್ಟ್ ಸಂಸ್ಥೆಯ ‘ಸಿಬೋಸ್’ 1978ರಲ್ಲಿ ಬ್ರಸೆಲ್ಸ್‌ನಲ್ಲಿ ಶುರುವಾದದ್ದು. ಅದು ದೊಡ್ಡ ಬ್ಯಾಂಕುಗಳ ಕೂಟ. ‘ಮನಿ20/20’ 2012ರಲ್ಲಿ ಲಾಸ್ ವೇಗಸ್‌ನಲ್ಲಿ ಹುಟ್ಟಿತು. ಸಿಂಗಾಪುರದ ಫಿನ್‌ಟೆಕ್ ಫೆಸ್ಟಿವಲ್ 2016ರದ್ದು, ಅಲ್ಲಿನ ಕೇಂದ್ರ ಬ್ಯಾಂಕೇ ಮುಂದೆ ನಿಂತು ಕಟ್ಟಿದ್ದು. ನನಗೆ ಜಾಸ್ತಿ ಇಷ್ಟವಾಗುವುದು ‘ಫಿನೋವೇಟ್’ನ ಕ್ರಮ. ವೇದಿಕೆ ಹತ್ತಿದವರಿಗೆ 7 ನಿಮಿಷ, ಸ್ಲೈಡ್ ಇಲ್ಲ, ಉತ್ಪನ್ನವನ್ನೇ ನಡೆಸಿ ತೋರಿಸಬೇಕು. ಏಳು ನಿಮಿಷದಲ್ಲಿ ತೋರಿಸಲು ಬಾರದಿದ್ದರೆ ನಮ್ಮ ಕೆಲಸ ನಮಗೇ ಪೂರ್ತಿ ಅರ್ಥವಾಗಿಲ್ಲ ಅಂತ ಅರ್ಥ. ಎಲ್ಲಿಗೆ ಹೋಗುವುದಿದ್ದರೂ ಮನೆಯಲ್ಲಿ ಇದೊಂದು ಅಭ್ಯಾಸ ಮಾಡಿಕೊಂಡು ಹೋಗಿ.

ನಮ್ಮಲ್ಲಿ ದೊಡ್ಡದು ಗ್ಲೋಬಲ್ ಫಿನ್‌ಟೆಕ್ ಫೆಸ್ಟ್. ಪೇಮೆಂಟ್ಸ್ ಕೌನ್ಸಿಲ್ ಆಫ್ ಇಂಡಿಯಾ, ಫಿನ್‌ಟೆಕ್ ಕನ್ವರ್ಜೆನ್ಸ್ ಕೌನ್ಸಿಲ್, ಎನ್‌ಪಿಸಿಐ ಸೇರಿ ನಡೆಸುತ್ತವೆ. 2020ರಲ್ಲಿ, ಕೊರೋನಾ ಕಾಲದಲ್ಲಿ, ಆನ್‌ಲೈನ್‌ನಲ್ಲೇ ಶುರುವಾಯಿತು. 2025ರಲ್ಲಿ ಅಕ್ಟೋಬರ್ 7ರಿಂದ 9ರವರೆಗೆ ಜಿಯೋ ವರ್ಲ್ಡ್ ಸೆಂಟರ್‌ನಲ್ಲಿ ನಡೆಯಿತು. ಜಾಗದ ಆಯ್ಕೆಯೂ ಚೆನ್ನಾಗಿದೆ. ಎನ್‌ಪಿಸಿಐ, ಷೇರುಪೇಟೆಗೆ ನಿಯಮ ಹಾಕುವ ಸೆಬಿ, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ದೊಡ್ಡ ಬ್ಯಾಂಕುಗಳ ಕಚೇರಿ ಎಲ್ಲ ಅಲ್ಲೇ ಸುತ್ತಮುತ್ತ. ಮೇಳದಲ್ಲಿ ಸಿಗದವರು ಎದುರಿನ ಕಟ್ಟಡದಲ್ಲಿ ಸಿಗುತ್ತಾರೆ!

ಒಳಗೆ ಹೋದರೆ ಮೊದಲು ಗಾಬರಿಯಾಗುತ್ತದೆ. ಎಲ್ಲ ಸ್ಟಾಲ್‌ಗಳೂ ಒಂದೇ ಮಾತು ಹೇಳುತ್ತಿವೆ ಅನ್ನಿಸುತ್ತದೆ. ಇವರೆಲ್ಲ ಏನು ಮಾರುತ್ತಿದ್ದಾರೆ ಅಂತ ತಿಳಿಯಲು ಒಂದು ಕೀಲಿ ಇದೆ. 2020ರ ಜನವರಿ 1ರಿಂದ ಯುಪಿಐ ಮೂಲಕ ಅಂಗಡಿಯವರಿಗೆ ಮಾಡುವ ಸಾಮಾನ್ಯ ಪಾವತಿಗೆ ಎಂಡಿಆರ್, ಅಂದರೆ ವ್ಯಾಪಾರಿಯಿಂದ ಪಡೆಯುವ ಶುಲ್ಕ, ಸೊನ್ನೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟುಗಳು 2,000 ಕೋಟಿ ದಾಟಿದವು. ಕೋಟಿಗಟ್ಟಲೆ ವಹಿವಾಟು, ಆದರೆ ನೇರ ಆದಾಯ ಇಲ್ಲ. ಸಣ್ಣ ಪಾವತಿಗೆ ಸರ್ಕಾರ ಒಂದಿಷ್ಟು ಪ್ರೋತ್ಸಾಹಧನ ಕೊಡುತ್ತದೆ, ಅಷ್ಟೇ.

ಹಾಗಾದರೆ ದುಡ್ಡು ಎಲ್ಲಿಂದ? ಪಾವತಿಯ ಅಕ್ಕಪಕ್ಕದ ಕೆಲಸಗಳಿಂದ. ಸೌಂಡ್‌ಬಾಕ್ಸ್ ಬಾಡಿಗೆ, ವ್ಯಾಪಾರಿಗೆ ಸಾಲ, ಮೋಸ ಹಿಡಿಯುವ ಸಾಫ್ಟ್‌ವೇರ್, ಕೆವೈಸಿ, ಸಾಲ ವಸೂಲಿ, ನಮ್ಮ ರೀಕಾನ್. ಈ ಕೀಲಿ ಹಿಡಿದು ನೋಡಿದರೆ ಪ್ರತಿ ಸ್ಟಾಲ್ ಮುಂದೆಯೂ ಒಂದೇ ಪ್ರಶ್ನೆ ಸಾಕು: “ನಿಮಗೆ ದುಡ್ಡು ಕೊಡುವವರು ಯಾರು?” ನೇರ ಉತ್ತರ ಸಿಕ್ಕ ಕಡೆ ಹತ್ತು ನಿಮಿಷ ನಿಲ್ಲಿ. ಸುತ್ತಿಬಳಸಿ ಮಾತಾಡಿದರೆ ಮುಂದಿನ ಸ್ಟಾಲ್‌ಗೆ ಹೋಗಿ.

ಇನ್ನು ವೇದಿಕೆ. 2025ರ ಕೊನೆಯ ದಿನ ಪ್ರಧಾನಿ ಮೋದಿ ಮತ್ತು ಬ್ರಿಟನ್ ಪ್ರಧಾನಿ ಕೀರ್ ಸ್ಟಾರ್ಮರ್ ಇಬ್ಬರೂ ಬಂದಿದ್ದರು. ಅಂಥ ದಿನ ಭದ್ರತೆ ಬಿಗಿ ಇರುತ್ತದೆ, ಮುಖ್ಯವಾದ ಮೀಟಿಂಗ್ ಇಟ್ಟುಕೊಳ್ಳಬೇಡಿ. ರಿಸರ್ವ್ ಬ್ಯಾಂಕಿನ ಗವರ್ನರ್ ಭಾಷಣ ಅವರ ವೆಬ್‌ಸೈಟ್‌ನಲ್ಲಿ ಬರುತ್ತದೆ, ರಾತ್ರಿ ರೂಮಿನಲ್ಲಿ ಕೂತು ಓದಬಹುದು. ಆದರೆ ಓದದೇ ಬಿಡಬೇಡಿ. ವೇದಿಕೆಯಲ್ಲಿ ಇವತ್ತು ಘೋಷಣೆಯಾದದ್ದಕ್ಕೆ ನಾಳೆ ಬ್ಯಾಂಕುಗಳು ದುಡ್ಡು ತೆಗೆದಿಡುತ್ತವೆ. 2023ರ ಮೇಳದಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಮಾತಿನಲ್ಲೇ ಪಾವತಿ ಮಾಡುವ ‘ಹಲೋ ಯುಪಿಐ’, ಇಂಟರ್ನೆಟ್ ಇಲ್ಲದೆಯೂ ನಡೆಯುವ ‘ಯುಪಿಐ ಲೈಟ್ ಎಕ್ಸ್’, ಬ್ಯಾಂಕ್ ಮೊದಲೇ ಮಂಜೂರು ಮಾಡಿದ ಸಾಲದಿಂದ ಯುಪಿಐನಲ್ಲಿ ಪಾವತಿ ಮಾಡುವ ವ್ಯವಸ್ಥೆ ಇವುಗಳನ್ನು ಬಿಡುಗಡೆ ಮಾಡಿದರು. 2024ರಲ್ಲಿ ‘ಯುಪಿಐ ಸರ್ಕಲ್’ ಬಂತು. ಮನೆಯಲ್ಲಿ ಒಬ್ಬರ ಖಾತೆಯಿಂದ ಇನ್ನೊಬ್ಬರೂ ಪಾವತಿ ಮಾಡುವ ವ್ಯವಸ್ಥೆ ಅದು. 2025ರಲ್ಲಿ ಪಿನ್ ಬದಲು ಮುಖ, ಬೆರಳಚ್ಚಿನಿಂದ ಪಾವತಿ ಒಪ್ಪುವ ಕ್ರಮ. ಇಂಥ ಪ್ರತಿ ಘೋಷಣೆಯ ಹಿಂದೆಯೂ ಬ್ಯಾಂಕಿನ ಒಳಗೆ ಹತ್ತಾರು ಬದಲಾವಣೆ ಆಗಬೇಕು. ಅದನ್ನು ಮಾಡಿಕೊಡುವವರಿಗೆ ಕೆಲಸ ಹುಟ್ಟುತ್ತದೆ. ನಮ್ಮ ರೀಕಾನ್‌ಗೂ ಅಷ್ಟೇ. ಪಾವತಿಯ ಹೊಸ ದಾರಿ ಬಂದಾಗಲೆಲ್ಲ ತಾಳೆ ಹಾಕಬೇಕಾದ ಲೆಕ್ಕವೂ ಬೆಳೆಯುತ್ತದೆ.

ಮೊದಲ ವರ್ಷ ಸ್ಟಾಲ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪಾಸ್ ತಗೊಂಡು ಇಬ್ಬರು ಹೋಗಿ ಬನ್ನಿ. ಯಾವ ಸ್ಟಾಲ್ ಮುಂದೆ ಜನ ನಿಲ್ಲುತ್ತಾರೆ, ಯಾರು ಏನು ಕೇಳುತ್ತಾರೆ ಅಂತ ನೋಡಿ. ಹೋಗುವ ಮೂರು ವಾರ ಮುಂಚೆ ಭೇಟಿಯಾಗಬೇಕಾದ 15 ಜನರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ನಾಲ್ಕು ಸಾಲಿನ ಮೆಸೇಜ್ ಕಳಿಸಿ. ಹದಿನೈದರಲ್ಲಿ ಐದು ಜನ ಸಿಕ್ಕರೂ ಪ್ರಯಾಣದ ಖರ್ಚು ಹುಟ್ಟಿದ ಹಾಗೆ. ಮೇಳಕ್ಕೆ ಹೋದ ಮೇಲೆ ಹುಡುಕುತ್ತೇನೆ ಅಂದರೆ ಆಗುವುದಿಲ್ಲ, ಎಲ್ಲರ ದಿನವೂ ಆಗಲೇ ತುಂಬಿರುತ್ತದೆ.

ಎರಡನೇ ವರ್ಷ ಸ್ಟಾಲ್ ಹಾಕುತ್ತೀರಿ ಅಂದುಕೊಳ್ಳಿ. ಸಣ್ಣವರಿಗೆ ಸಾಮಾನ್ಯವಾಗಿ ಸಿಗುವುದು ‘ಶೆಲ್ ಸ್ಕೀಮ್’. ಮೂರು ಮೀಟರ್‌ಗೆ ಮೂರು ಮೀಟರ್, ಒಟ್ಟು 9 ಚದರ ಮೀಟರ್. ಮೂರು ಕಡೆ ಗೋಡೆ, ಮೇಲೆ ಹೆಸರಿನ ಪಟ್ಟಿ, ಒಂದು ಟೇಬಲ್, ಎರಡು ಕುರ್ಚಿ, ಲೈಟು, ಒಂದು ಪ್ಲಗ್ ಪಾಯಿಂಟ್, ಕಸದ ಬುಟ್ಟಿ. ದೊಡ್ಡವರು ಖಾಲಿ ಜಾಗ ತಗೊಂಡು ತಾವೇ ಫ್ಯಾಬ್ರಿಕೇಟರ್‌ಗಳನ್ನು ಹಿಡಿದು ಕಟ್ಟಿಸುತ್ತಾರೆ. ಜಾಗದ ಬಾಡಿಗೆ ಮೇಲೆ 18% ಜಿಎಸ್‌ಟಿ ಬೇರೆ. ಟಿವಿ, ಜಾಸ್ತಿ ಕರೆಂಟ್, ಪ್ರತ್ಯೇಕ ಇಂಟರ್ನೆಟ್ ಲೈನ್ ಎಲ್ಲಕ್ಕೂ ಹೆಚ್ಚುವರಿ ದುಡ್ಡು. ಜೊತೆಗೆ ರೂಮು, ಆಟೋ, ಊಟ. ನಮ್ಮ ಲೆಕ್ಕದಲ್ಲಿ ಜಾಗಕ್ಕೆ ಕೊಟ್ಟಷ್ಟೇ ದುಡ್ಡು ಈ ಮೇಲುಖರ್ಚಿಗೂ ಹೋಯಿತು. ಬಜೆಟ್ ಮಾಡುವಾಗ ಬಾಡಿಗೆಯ ಎರಡರಷ್ಟು ಇಟ್ಟುಕೊಳ್ಳಿ.

ಇಂಟರ್ನೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಬೇರೊಂದು ಪ್ರದರ್ಶನದಲ್ಲಿ ನಮ್ಮ ಡೆಮೊ ಪೂರ್ತಿ ಕ್ಲೌಡ್ ಮೇಲೆ ಇತ್ತು. ಹಾಲ್ ತುಂಬಿದ ಕೂಡಲೇ ವೈಫೈ ಸತ್ತಿತು, ಮೊಬೈಲ್ ಸಿಗ್ನಲ್ಲೂ ಹೋಯಿತು. ಒಂದು ದೊಡ್ಡ ಬ್ಯಾಂಕಿನ ಅಧಿಕಾರಿ ಎದುರಿಗೆ ಕೂತಿದ್ದರು. ಸ್ಕ್ರೀನ್ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅವರು ಐದು ನಿಮಿಷ ಕಾದು, ಮತ್ತೆ ಸಿಗೋಣ ಅಂತ ಎದ್ದುಹೋದರು. ಆ ‘ಮತ್ತೆ’ ಬರಲೇ ಇಲ್ಲ. ಅಂದಿನಿಂದ ಡೆಮೊ ಲ್ಯಾಪ್‌ಟಾಪ್ ಒಳಗೇ ಓಡುತ್ತದೆ, ಪಕ್ಕದಲ್ಲಿ ರೆಕಾರ್ಡ್ ಮಾಡಿದ ವಿಡಿಯೋ ಇರುತ್ತದೆ, ಅದೂ ಆಗದಿದ್ದರೆ ಎ3 ಹಾಳೆಯಲ್ಲಿ ಪ್ರಿಂಟ್ ಮಾಡಿದ ಚಿತ್ರ. ಇನ್ನೊಂದು ಮಾತು. ಡೆಮೊದಲ್ಲಿ ನಿಜವಾದ ಗ್ರಾಹಕರ ಹೆಸರು, ಖಾತೆ ನಂಬರ್ ಎಂದೂ ಇಡಬೇಡಿ, ಮರೆಮಾಡಿಯೂ ಬೇಡ. ಎದುರಿಗಿರುವ ಬ್ಯಾಂಕಿನವರು ಮೊದಲು ಗಮನಿಸುವುದು ಅದನ್ನೇ. ಇನ್ನೊಬ್ಬರ ಡೇಟಾ ಹೀಗೆ ತೋರಿಸುವವರು ನಾಳೆ ನಮ್ಮದನ್ನೂ ತೋರಿಸುತ್ತಾರೆ ಅಂತ ಅವರಿಗೆ ಅನ್ನಿಸದೇ ಇರುತ್ತದೆಯೇ?

ಸ್ಟಾಲ್ ಮುಂದೆ ನಿಂತವರೆಲ್ಲ ಗಿರಾಕಿಗಳಲ್ಲ. ಪೆನ್ನು, ಚೀಲಕ್ಕೆ ಬರುವವರಿದ್ದಾರೆ, ಕೆಲಸ ಹುಡುಕುವ ಹುಡುಗರಿದ್ದಾರೆ, ಪ್ರತಿಸ್ಪರ್ಧಿಗಳಿದ್ದಾರೆ. ಎಲ್ಲರ ಹತ್ತಿರವೂ ಪ್ರೀತಿಯಿಂದ ಮಾತಾಡಿ. ಆದರೆ ಬ್ಯಾಂಕಿನವರು ಬಂದಾಗ ನಿಮ್ಮ ಕಥೆ ನಿಲ್ಲಿಸಿ ಅವರನ್ನು ಕೇಳಿ. ಈಗ ಈ ಕೆಲಸ ಹೇಗೆ ಮಾಡುತ್ತೀರಿ? ಯಾರಿಗೆ ಇದರಿಂದ ಜಾಸ್ತಿ ತೊಂದರೆ? ಹೊಸ ವೆಂಡರ್ ತರಬೇಕಾದರೆ ಯಾರ ಸಹಿ ಬೇಕು? ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮ ದಾರಿ ಅರ್ಧ ಸವೆದ ಹಾಗೆ. ಅವರು ಹೋದ ಕೂಡಲೇ ಕಾರ್ಡ್ ಹಿಂದೆ ಮೂರು ಸಾಲು ಬರೆದಿಡಿ: ಏನು ಕೇಳಿದರು, ನಾವು ಏನು ಕೊಡುತ್ತೇವೆ ಅಂದೆವು, ಯಾವತ್ತು. ಸಂಜೆ ಬರೆಯೋಣ ಅಂದರೆ ಎಲ್ಲರ ಮುಖವೂ ಕಲಸಿಹೋಗುತ್ತದೆ.

ಮೇಳ ಮುಗಿದ ಮೇಲೆ ನಿಜವಾದ ಕೆಲಸ ಶುರು. ಇದನ್ನು ಮೊದಲೇ ತಿಳಿದುಕೊಳ್ಳದ ಕಂಪನಿಗಳು ಮೂರು ತಿಂಗಳಲ್ಲಿ ಮೇಳ ದಂಡ ಅನ್ನುತ್ತವೆ. ಬ್ಯಾಂಕ್ ಸುಮ್ನೆ ಹೂಂ ಅನ್ನುವುದಿಲ್ಲ, ಅನ್ನಲೂಬಾರದು. ಹೊರಗಿನವರಿಗೆ ಐಟಿ ಕೆಲಸ ಕೊಡುವ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್ 10ರಂದು ನಿರ್ದೇಶನ ಹೊರಡಿಸಿತು, ಅಕ್ಟೋಬರ್ 1ರಿಂದ ಜಾರಿಗೆ ಬಂತು. ದೊಡ್ಡ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಅದರ ತಿರುಳು ಸರಳ. ಕೆಲಸ ಹೊರಗೆ ಕೊಟ್ಟರೂ ಹೊಣೆ ಬ್ಯಾಂಕಿನದೇ. ಆದ್ದರಿಂದ ವೆಂಡರ್ ಕಚೇರಿಗೆ ಬಂದು ಆಡಿಟ್ ಮಾಡುವ ಹಕ್ಕು ಬ್ಯಾಂಕಿಗೂ ರಿಸರ್ವ್ ಬ್ಯಾಂಕಿಗೂ ಇರಬೇಕು. ವೆಂಡರ್ ಮುಚ್ಚಿಹೋದರೆ ಕೆಲಸ ಹೇಗೆ ಮುಂದುವರಿಯುತ್ತದೆ ಅಂತಲೂ ಮೊದಲೇ ಬರೆದಿಟ್ಟಿರಬೇಕು. ಪಾವತಿಯ ಡೇಟಾ ಭಾರತದಲ್ಲೇ ಇರಬೇಕು ಅನ್ನುವ 2018ರ ಏಪ್ರಿಲ್ ಸುತ್ತೋಲೆ ಬೇರೆ ಇದೆ.

ಹೀಗಾಗಿ ಸ್ಟಾಲ್‌ನಲ್ಲಿ ಇಷ್ಟಪಟ್ಟ ಅಧಿಕಾರಿ ಮೊದಲ ಮೆಟ್ಟಿಲು ಮಾತ್ರ. ಆಮೇಲೆ ಗೌಪ್ಯತೆಯ ಒಪ್ಪಂದ. ಆಮೇಲೆ ಪಿಒಸಿ, ಅಂದರೆ ಚಿಕ್ಕ ಪ್ರಮಾಣದಲ್ಲಿ ಮಾಡಿ ತೋರಿಸುವುದು. ನಂತರ ಇನ್ಫೋಸೆಕ್‌ನವರ, ಅಂದರೆ ಬ್ಯಾಂಕಿನ ಮಾಹಿತಿ ಭದ್ರತೆ ವಿಭಾಗದವರ, ನೂರಾರು ಪ್ರಶ್ನೆಗಳ ಎಕ್ಸೆಲ್ ಹಾಳೆ. ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಆಡಿಟರ್‌ಗಳಿಂದ ಭದ್ರತಾ ವರದಿ, ಮಾಹಿತಿ ಭದ್ರತೆಗೆ ಕೊಡುವ ಐಎಸ್‌ಒ 27001 ಪ್ರಮಾಣಪತ್ರ ಕೇಳುತ್ತಾರೆ. ಆಮೇಲೆ ಲೀಗಲ್, ಕಂಪ್ಲಯನ್ಸ್, ಕೊನೆಗೆ ಖರೀದಿ ವಿಭಾಗದ ಚೌಕಾಸಿ. ನಮಗೆ ಅತಿ ಬೇಗ ಆದದ್ದು ಏಳು ತಿಂಗಳು. ಈ ಕಾಗದಗಳನ್ನೆಲ್ಲ ಒಂದು ಫೋಲ್ಡರ್‌ನಲ್ಲಿ ಮೇಳಕ್ಕೆ ಮುಂಚೆಯೇ ಸಿದ್ಧ ಮಾಡಿಟ್ಟುಕೊಳ್ಳಿ. “ನಾಳೆ ಬೆಳಿಗ್ಗೆ ಕಳಿಸುತ್ತೇನೆ” ಅನ್ನಲು ಬರುವ ಸಣ್ಣ ಕಂಪನಿಯ ಮೇಲೆ ಬ್ಯಾಂಕಿನವರಿಗೆ ನಂಬಿಕೆ ಬರುತ್ತದೆ.

ಮುಂಬೈಗೆ ಹೋಗುವಷ್ಟು ದುಡ್ಡಿಲ್ಲ ಅಂದರೆ ಬೇಜಾರು ಬೇಡ. ರಿಸರ್ವ್ ಬ್ಯಾಂಕಿನ ಇನ್ನೊವೇಶನ್ ಹಬ್ ಇರುವುದು ಬೆಂಗಳೂರಿನಲ್ಲೇ. ಪಹಣಿಯಂಥ ದಾಖಲೆಯನ್ನು ಡಿಜಿಟಲ್ ಆಗಿ ತರಿಸಿಕೊಂಡು ರೈತರಿಗೆ ಬೇಗ ಸಾಲ ಕೊಡಲು ದಾರಿ ಮಾಡುವ ಯುಎಲ್‌ಐ ವೇದಿಕೆಯ ಹೆಸರನ್ನು ದಾಸ್ ಹೇಳಿದ್ದೂ 2024ರ ಆಗಸ್ಟ್ 26ರಂದು ಬೆಂಗಳೂರಿನ ಸಮ್ಮೇಳನದಲ್ಲೇ. ಊರಲ್ಲೇ ಇಂಥ ಕಡೆ ಹೋಗಿ ಕೂತು ಕೇಳಿ, ಪರಿಚಯ ಮಾಡಿಕೊಳ್ಳಿ.

ಬಾಗಲಕೋಟೆ ಕಡೆಯ ಮ್ಯಾನೇಜರ್ ಮೇಡಂ ಪ್ರಶ್ನೆಗೆ ಬರುತ್ತೇನೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಒಂದು ಹಾಳೆ ತೆಗೆದೆ. ಗ್ರಾಹಕರ ಬ್ಯಾಂಕ್, ನಡುವೆ ಎನ್‌ಪಿಸಿಐ, ಆಚೆ ಅಂಗಡಿಯವರ ಬ್ಯಾಂಕ್ ಅಂತ ಮೂರು ಚೌಕ ಬರೆದೆ. ದುಡ್ಡು ಎಲ್ಲೆಲ್ಲಿ ಸಿಕ್ಕಿಕೊಳ್ಳಬಹುದು ಅಂತ ಗುರುತು ಹಾಕಿದೆ. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದು ಮುಟ್ಟದಿದ್ದರೆ ವಹಿವಾಟಿನ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ ದುಡ್ಡು ತಾನಾಗಿ ವಾಪಸ್ ಬರಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕರು ದೂರು ಕೊಡದಿದ್ದರೂ. ಆದರೆ ಯಾವ ವಹಿವಾಟು ಎಲ್ಲಿ ನಿಂತಿದೆ ಅಂತ ಬ್ಯಾಂಕಿಗೇ ಗೊತ್ತಿರದಿದ್ದರೆ ಗ್ರಾಹಕರಿಗೆ ಯಾವ ದಿನ ಅಂತ ಹೇಳುವುದು? ಎನ್‌ಪಿಸಿಐನಿಂದ ದಿನಕ್ಕೆ ಹಲವು ಬಾರಿ ಫೈಲ್ ಬರುತ್ತದೆ. ಅದನ್ನು ಬ್ಯಾಂಕಿನ ಲೆಕ್ಕದ ಜೊತೆ ಕೂಡಲೇ ತಾಳೆ ಹಾಕಿದರೆ ಬೆಳಿಗ್ಗೆ ಆ ಗ್ರಾಹಕರು ಬರುವ ಹೊತ್ತಿಗೆ ಅವರ ಹೆಸರು ಮುಂದೆ ಉತ್ತರ ಇರುತ್ತದೆ.

“ಅಂದ್ರ ‘ಬರ್ತೈತಿ ತಡಿಯಪ್ಪಾ’ ಅನ್ನೂದ್ ಬಿಟ್ಟು ಇಂಥಾ ದಿನ ಬರ್ತೈತಿ ಅಂತ ಹೇಳಬಹುದಲ್ರಿ?” ಅಂದರು. ಹೌದು ಮೇಡಂ ಅಂದೆ. ಆ ಹಾಳೆ ಮಡಚಿ ಪರ್ಸ್‌ನಲ್ಲಿ ಇಟ್ಟುಕೊಂಡರು. ಡೆಮೊ ಕೊನೆಗೂ ನೋಡಲಿಲ್ಲ.

ಡಿಸೆಂಬರ್‌ನಲ್ಲಿ ನಾವಿಬ್ಬರು ಅವರ ಬ್ಯಾಂಕಿಗೆ ಹೋದೆವು. ಜೋಳದ ರೊಟ್ಟಿ ಊಟ ಹಾಕಿಸಿದರು. ಊಟದ ಮೇಲೆ ಕಪಾಟಿನಿಂದ ಉದ್ದನೆಯ ಒಂದು ರಿಜಿಸ್ಟರ್ ತೆಗೆದು ಟೇಬಲ್ ಮೇಲಿಟ್ಟರು. ಎರಡು ವರ್ಷದಿಂದ ಸಿಕ್ಕಿಕೊಂಡ ಒಂದೊಂದು ಪಾವತಿಯನ್ನೂ ಕೈಯಲ್ಲೇ ಬರೆದಿದ್ದಾರೆ. ತಾರೀಖು, ಹೆಸರು, ಮೊತ್ತ, ಬಂತೋ ಇಲ್ಲವೋ. ಬಂದದ್ದಕ್ಕೆ ಹಸಿರು ಶಾಯಿ, ಬಾರದ್ದಕ್ಕೆ ಕೆಂಪು. ಒಂದು ಪುಟದಲ್ಲಿ 40 ರೂಪಾಯಿಯ ಎಂಟ್ರಿಯೂ ಇತ್ತು, ಕೆಂಪಿನಲ್ಲಿ. ನಮ್ಮ ಪಿಒಸಿ ಆ ರಿಜಿಸ್ಟರ್‌ನ ಕೆಂಪು ಸಾಲುಗಳಿಂದಲೇ ಶುರುವಾಗಲಿದೆ. ಒಪ್ಪಂದದ ಕಾಗದ ಅವರ ಆಡಳಿತ ಮಂಡಳಿಯ ಮುಂದೆ ಇದೆ, ಸಭೆ ಬರುವ ಭಾನುವಾರ.